ಆಡು ಕೊಡುವ ಪದ್ಧತಿ

ಮೈಸೂರು
8 ಜುಲೈ 2023

ಚಿ. ನೇತ್ರಳಿಗೆ ಆಶೀರ್ವಾದಗಳು.

ನಿನ್ನ ಪ್ರಬಂಧದ ಎರಡನೇ ಅಧ್ಯಾಯ ಕೈಸೇರಿತು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಕಂಪ್ಯೂಟರ್ ಮುಂದೆ ಕೂರಬೇಡಿ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದಾರೆ. ಅದಕ್ಕೇ ಕಾಗದದಲ್ಲಿ ಕಳಿಸು ಎಂದದ್ದು. ಫೋನಿನಲ್ಲಿ ಮಾತಾಡೋಣವೆಂದರೆ ನಿಮ್ಮ ಪಣಕಹಳ್ಳಿಯ ಸಿಗ್ನಲ್ಲಿಗೆ ನನ್ನ ಬೈಗುಳ ಅರ್ಧಕ್ಕೇ ನಿಂತುಹೋಗುತ್ತದೆ. ನಿನಗೆ ಬೇಕಾಗಿರುವುದು ಪೂರ್ತಿ ಬೈಗುಳ.

'ಪೂರ್ವಾಧ್ಯಯನಗಳ ಸಮೀಕ್ಷೆ' ಎಂದು ತಲೆಬರಹ ಕೊಟ್ಟು ನೀನು ಕಳಿಸಿರುವುದು ಮದುವೆ ಮನೆಯ ಮುಯ್ಯಿ ಪಟ್ಟಿ. ಇಂಥವರು ಇಂಥ ವರ್ಷ ಇಂಥ ಪುಸ್ತಕ ಬರೆದರು, ಇದು ಮಹತ್ವದ ಕೃತಿ. ಮುಂದಿನ ಪ್ಯಾರಾ: ಇಂಥವರು ಇಂಥ ವರ್ಷ, ಇದೂ ಮಹತ್ವದ ಕೃತಿ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುವ ಹಾಗೆ ನೀನು ಮುಟ್ಟದ ಪುಸ್ತಕವಿಲ್ಲ, ಸರಿ. ಆದರೆ ಯಾವುದನ್ನೂ ಜಗಿದಿಲ್ಲ.

ಗಮನವಿಟ್ಟು ಓದಿಕೋ. ಪುಸ್ತಕಗಳನ್ನು ಇಸವಿಯ ಪ್ರಕಾರ ಸಾಲಾಗಿ ನಿಲ್ಲಿಸಬೇಡ, ಪ್ರಶ್ನೆಗಳ ಪ್ರಕಾರ ಗುಂಪು ಮಾಡು. ನಿನ್ನ ವಿಷಯ ತಮಿಳುನಾಡಿಗೆ ಸೇರಿದ ತಾಳವಾಡಿ ಬೆಟ್ಟದ ಕನ್ನಡಿಗರ ಮದುವೆ ಆಚರಣೆಗಳು. ಅದರ ಬಗ್ಗೆ ಯಾರು ಏನು ಹೇಳಿದರು, ಯಾರು ಒಪ್ಪಿದರು, ಯಾರು ಮುರಿದು ಮಾತಾಡಿದರು ಎಂಬುದು ಜಗಳದ ಹಾಗೆ ಕೇಳಿಸಬೇಕು. ನಿನ್ನ ಪ್ರಶ್ನೆಗೆ ಬೇಕಿಲ್ಲದ್ದು ಎಷ್ಟು ದೊಡ್ಡವರದಾದರೂ ಹೊರಗಿಡು. ಕೊನೆಗೆ, ಎಲ್ಲರೂ ಬಿಟ್ಟುಹೋದ ಜಾಗ ಎಲ್ಲಿದೆ ತೋರಿಸು. ಆ ತೆರವಿನಲ್ಲಿ ನಿನ್ನ ಪ್ರಬಂಧ ನಿಲ್ಲಬೇಕು.

ಎಲ್ಲಕ್ಕಿಂತ ಮುಖ್ಯ, ಮೂಲಕ್ಕೆ ಹೋಗು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ವಿದ್ವಾಂಸರೇ ನಮ್ಮಲ್ಲಿ ಹೆಚ್ಚು. ಒಬ್ಬರು ಇನ್ನೊಬ್ಬರನ್ನು ಉಲ್ಲೇಖಿಸಿದರೆ ಆ ಇನ್ನೊಬ್ಬರನ್ನೇ ತೆಗೆದು ಓದು. ತಪ್ಪು ಕಂಡರೆ ತಪ್ಪು ಎಂದು ಬರೆ. ಗುರುವಿನ ತಪ್ಪಾದರೂ ಸರಿಯೇ. ಪ್ರಬಂಧ ಒಪ್ಪಿಸಲು ಮಾರ್ಚ್ ಕೊನೆ, ಅವಧಿ ಇನ್ನು ವಿಸ್ತರಿಸುವುದಿಲ್ಲ ಎಂಬುದು ನೆನಪಿರಲಿ.

ಇತಿ
ಕೇಶವಪ್ರಸಾದ್


ಪಣಕಹಳ್ಳಿ
29 ಜುಲೈ 2023

ಪೂಜ್ಯ ಗುರುಗಳಿಗೆ ನೇತ್ರಳ ನಮಸ್ಕಾರಗಳು.

ನಿಮ್ಮ ಪತ್ರ ಓದಿ ಮೊದಲು ಅಳು ಬಂತು, ಆಮೇಲೆ ನಗು ಬಂತು. ಮುಯ್ಯಿ ಪಟ್ಟಿಯನ್ನು ಹರಿದು ಹಾಕಿದ್ದೇನೆ. ಬೆಳಿಗ್ಗೆ ತಾಳವಾಡಿಯ ಶಾಲೆಗೆ ಪಾಠಕ್ಕೆ ಹೋಗಿ ಸಂಜೆ ಬಸ್ಸಿಗೆ ಬರುತ್ತೇನೆ. ಬಂದವಳೇ ನೀವು ಹೇಳಿದ ಹಾಗೆ ಗುಂಪು ಮಾಡುತ್ತಾ ಕೂರುತ್ತೇನೆ. ತೆರ, ಸೋಬಾನೆ, ಬೀಗರೂಟ, ಉಡುಗೊರೆ ಎಂದು ನಾಲ್ಕು ಗುಂಪಾಗಿದೆ. ಹೀಗೆ ಇಟ್ಟುಕೊಂಡ ಮೇಲೆ ಪುಸ್ತಕಗಳು ತಾವಾಗಿ ಮಾತಾಡತೊಡಗಿವೆ.

ಒಂದು ವಿಷಯ ತೊಡಕಾಗಿದೆ. ಉಡುಗೊರೆಯ ಗುಂಪಿನಲ್ಲಿ ಐವರು ಒಂದೇ ಮಾತು ಬರೆದಿದ್ದಾರೆ: "ತಾಳವಾಡಿ ಸೀಮೆಯ ಕೆಲವು ಕುಲಗಳಲ್ಲಿ ಹೆಣ್ಣಿನ ಕಡೆಯವರು ಗಂಡಿನ ಮನೆಗೆ ಆಡು ಕೊಡುವ ಪದ್ಧತಿ ಇದೆ." ಒಬ್ಬರು ಇದನ್ನು ಪಶುಪಾಲಕ ಬದುಕಿನ ಪಳೆಯುಳಿಕೆ ಎಂದಿದ್ದಾರೆ. ಇನ್ನೊಬ್ಬರಿಗೆ ಅದು ಫಲವಂತಿಕೆಯ ಸಂಕೇತ. ಮತ್ತೊಬ್ಬರು ಆಫ್ರಿಕಾದವರೆಗೂ ಹೋಗಿ ಬಂದಿದ್ದಾರೆ. ಆದರೆ ಯಾರೂ ಕಣ್ಣಾರೆ ನೋಡಿದಂತಿಲ್ಲ, ಒಬ್ಬರ ಅಡಿಟಿಪ್ಪಣಿ ಇನ್ನೊಬ್ಬರನ್ನು ತೋರಿಸುತ್ತದೆ. ಎಲ್ಲರಿಗಿಂತ ಹಿಂದಿನವರು ನಿಮ್ಮ ವಿಭಾಗದ ಹಳೆಯ ಪತ್ರಿಕೆಯ ಒಂದು ಸಂಚಿಕೆಯನ್ನು ಸೂಚಿಸಿದ್ದಾರೆ. ಅಲ್ಲಿ ಬರೆದವರ ಹೆಸರು ಕೊಟ್ಟಿಲ್ಲ. ಆ ಸಂಚಿಕೆ ನಿಮ್ಮಲ್ಲಿ ಇರಬಹುದೇ?

ಆ ಕುಲಗಳಲ್ಲಿ ನಮ್ಮದೂ ಒಂದು. ನಾನು ಇಂಥ ಪದ್ಧತಿ ನೋಡಿಲ್ಲ. ನಾನು ನೋಡಿಲ್ಲ ಎಂದ ಮಾತ್ರಕ್ಕೆ ಇಲ್ಲ ಎನ್ನಬಾರದೆಂದು ನೀವೇ ಕಲಿಸಿದ್ದೀರಿ, ಆದ್ದರಿಂದ ಸುಮ್ಮನಿದ್ದೇನೆ.

ತಂಗಿ ರೇವತಿಗೆ ಗಂಡು ಗೊತ್ತಾಗಿದೆ. ಗಡಿಯಾಚೆ, ಚಾಮರಾಜನಗರದ ಕಡೆಯವರು. ಹುಡುಗ ಮಧುಕುಮಾರ್ ಒಳ್ಳೆಯವನ ಹಾಗೆ ಕಾಣುತ್ತಾನೆ. ಅಪ್ಪ, ಅವ್ವ ಖುಷಿಯಾಗಿದ್ದಾರೆ.

ನಿಮ್ಮ ವಿದ್ಯಾರ್ಥಿನಿ
ನೇತ್ರ


ಮೈಸೂರು
20 ಆಗಸ್ಟ್ 2023

ಚಿ. ನೇತ್ರಳಿಗೆ ಆಶೀರ್ವಾದಗಳು.

ಹೊಸ ಕರಡು ಓದಿದೆ. ಭೇಷ್. ಸೋಬಾನೆಯ ಭಾಗದಲ್ಲಿ ಮೂವರನ್ನು ಎದುರುಬದುರು ಕೂರಿಸಿದ ರೀತಿ ನೋಡಿ ನನಗೇ ಹೊಟ್ಟೆಕಿಚ್ಚಾಯಿತು. ಇದು ಸಮೀಕ್ಷೆ ಎಂದರೆ.

ಆ ಆಡಿನ ವಿಷಯಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಐವರು ಹೇಳಿದ ಮೇಲೆ ಆರನೆಯವಳಾಗಿ ನೀನೂ ಒಂದು ಸಾಲು ಬರೆದು ಮುಂದೆ ಹೋಗು. ಹಳೆಯ ಸಂಚಿಕೆಗಳೆಲ್ಲ ಗೆದ್ದಲು ಹಿಡಿದು ಹೋಗಿವೆ, ಹುಡುಕಿ ಕಾಲ ಕಳೆಯಬೇಡ. ಸಮೀಕ್ಷೆಯಲ್ಲಿ ಎಲ್ಲ ಎಳೆಯನ್ನೂ ಕೊನೆಯವರೆಗೆ ಎಳೆಯಲು ಹೋದರೆ ಬಟ್ಟೆಯೇ ಉಳಿಯುವುದಿಲ್ಲ.

ಜನವರಿಯಲ್ಲಿ ಶಿಷ್ಯರು ಸೇರಿ ನನಗೊಂದು ಅಭಿನಂದನ ಗ್ರಂಥ ತರುತ್ತಿದ್ದಾರೆ. ಬೇಡವೆಂದೆ, ಕೇಳಲಿಲ್ಲ. ಮೊದಲ ಭಾಗದಲ್ಲಿ ನನ್ನ ಆಯ್ದ ಲೇಖನಗಳು, ಎರಡನೆಯದರಲ್ಲಿ ನನ್ನ ಬಗ್ಗೆ ಮಾತುಗಳು. ನೀನೂ ನಾಲ್ಕು ಪುಟ ಬರೆ. ಅಲ್ಲಿ ಬೇಕಾದರೆ ಮುಯ್ಯಿ ಪಟ್ಟಿಯ ಶೈಲಿ ನಡೆಯುತ್ತದೆ!

ತಂಗಿಯ ಮದುವೆಗೆ ಶುಭಾಶಯ.

ಕೇಶವಪ್ರಸಾದ್


ಪಣಕಹಳ್ಳಿ
17 ಸೆಪ್ಟೆಂಬರ್ 2023

ಗುರುಗಳಿಗೆ ನಮಸ್ಕಾರ.

ಹೋದ ಶನಿವಾರ ಮೈಸೂರಿಗೆ ಬಂದಿದ್ದೆ. ನಿಮ್ಮ ಮನೆಗೆ ಬರಲಿಲ್ಲ, ಕ್ಷಮಿಸಿ. ಲೈಬ್ರರಿಯಲ್ಲಿ ಸಂಚಿಕೆ ಸಿಕ್ಕಿತು. ಗೆದ್ದಲು ಹಿಡಿದಿಲ್ಲ. 'ತಾಳವಾಡಿ ಬೆಟ್ಟದ ಮದುವೆಗಳು: ಒಂದು ಕ್ಷೇತ್ರಟಿಪ್ಪಣಿ', 1991. ಲೇಖಕರು ಕೇಶವಪ್ರಸಾದ್.

ಬಸ್ಸಿನಲ್ಲಿ ವಾಪಸ್ಸು ಬರುವಾಗ ನಿಮ್ಮ ಪರವಾಗಿ ನಾನೇ ವಾದ ಮಾಡಿಕೊಂಡೆ. ಮರೆತಿರಬೇಕು, ಮೂವತ್ತು ವರ್ಷದ ಹಿಂದಿನ ಮಾತು ಎಂದುಕೊಂಡೆ. ಹಾಗೇ ನಂಬಿದ್ದೇನೆ.

ಅದರಲ್ಲಿ ನೀವು ನಮ್ಮ ಕಡೆಯ ಮುದುಕಿಯೊಬ್ಬಳ ಮಾತನ್ನು ಹೀಗೆ ಕೊಟ್ಟಿದ್ದೀರಿ: "ಹೆಣ್ಣಿನ ಜೊತೆ ಒಂದು ಆಡು ಕೊಡ್ಲೇಬೇಕು ಬುದ್ದಿ." ಆಕೆ 'ಹೆಣ್ಣು' ಎಂದಿರಲಾರಳು ಸರ್. ನಮ್ಮ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. 'ಎಣ್ಣಿನ ಜೊತೆ' ಎಂದೇ ಹೇಳಿರುತ್ತಾಳೆ. ನೀವು ಬರೆದುಕೊಳ್ಳುವಾಗ ಎಣ್ಣಿಗೆ ಹಕಾರ ಕೊಟ್ಟಿರಿ. ಅದೇ ವಾಕ್ಯದಲ್ಲಿ ಮುಂದೆ ಇದ್ದ ಆಡಿಗೆ ಕೊಡಲಿಲ್ಲ. ಆಕೆ ಹೇಳಿದ್ದು ಹಾಡು. ಹೆಣ್ಣಿನ ಜೊತೆ ಒಂದು ಹಾಡು ಕೊಡಲೇಬೇಕು. ಸೋಬಾನೆ ಮುಂತಾದ್ದನ್ನೆಲ್ಲ ನಾವು ಪದ ಎನ್ನುತ್ತೇವೆ, ಮನೆಗೊಂದರಂತೆ ಇರುವ ಈ ಹಾಡನ್ನು ಮಾತ್ರ ಆಡು ಎನ್ನುತ್ತೇವೆ. ಗಂಡಿನ ಕಡೆಯವರು ಹೆಣ್ಣು ಕರೆದೊಯ್ಯಲು ಬಂದಾಗ ನಮ್ಮ ಹೆಂಗಸರು ಬಾಗಿಲಲ್ಲಿ ನಿಂತು ಅದನ್ನು ಕೊಡುತ್ತಾರೆ. ಆ ಹೊತ್ತು ಅಂಗಳದಲ್ಲಿ ಆಡು ಕಟ್ಟಿದ್ದರು ಎಂದೂ ಬರೆದಿದ್ದೀರಿ. ಅದು ಮಾರನೆಯ ದಿನದ ಬೀಗರೂಟಕ್ಕೆ ತಂದದ್ದು. ಅದನ್ನು ಯಾರಿಗೂ ಕೊಡುವುದಿಲ್ಲ, ಸಾರು ಮಾಡುತ್ತಾರೆ.

ಇದು ಬರೀ ಅಡಿಟಿಪ್ಪಣಿಯ ವಿಷಯವಾಗಿದ್ದರೆ ನಿಧಾನವಾಗಿ ಹೇಳುತ್ತಿದ್ದೆ. ಮಧುಕುಮಾರನ ಅಪ್ಪ ಶಿವಮಲ್ಲು ಪುಸ್ತಕದ ಮನುಷ್ಯ. ಅವರ ಕಡೆಯ ಸಂಘದವರು ಸ್ಮರಣ ಸಂಚಿಕೆಯೊಂದನ್ನು ಅಚ್ಚು ಹಾಕಿಸಿದ್ದಾರೆ. ಅದರಲ್ಲಿ ಆ ಐವರಲ್ಲಿ ಒಬ್ಬರ ಲೇಖನವಿದೆ. ಮೊನ್ನೆ ಶಾಸ್ತ್ರ ಮಾತಾಡಲು ಬಂದವರು ಅದನ್ನು ಬಿಡಿಸಿ ಅಪ್ಪನ ಮುಂದಿಟ್ಟು, ಹೆಣ್ಣಿನ ಜೊತೆ ಒಂದು ಜೊತೆ ಆಡು ಕೊಡಬೇಕು ಎಂದರು. ನಮ್ಮಲ್ಲಿ ಅಂಥದ್ದಿಲ್ಲ, ಅದು ಬಾಯಲ್ಲಿ ಹೇಳುವ ಆಡು ಎಂದು ಅಪ್ಪ ಹೇಳಿದ್ದಕ್ಕೆ ಅವರು ನಕ್ಕರು. "ಅಚ್ಚಾದ್ ಮೇಲೆ ಸುಳ್ಳಾದದಾ ನಾಗಯ್ಯ? ನಾನ್ ಕೇಳ್ತಾ ಇಲ್ಲ ಕಣಪ್ಪ, ಪದ್ಧತಿ ಕೇಳ್ತಾ ಅದೆ."

ನೀವು ಎರಡೇ ಸಾಲು ಬರೆದು ಸಹಿ ಹಾಕಿದರೆ ಸಾಕು. ನನ್ನ ಲೇಖನದ ಆಡು ಎಂದರೆ ಹಾಡು, ಮೇಕೆಯಲ್ಲ, ಎಂದು. ನಮ್ಮ ಮಾತು ಅವರಿಗೆ ಬೇಕಿಲ್ಲ, ನಿಮ್ಮ ಮಾತು ಬೇಕು. ಸಮೀಕ್ಷೆಯಲ್ಲಿ ಇದರ ಬಗ್ಗೆ ಬರೆದ ಒಂದು ಪ್ಯಾರಾ ಜೊತೆಗಿದೆ. ನೀವು ಹೇಳಿದಂತೆಯೇ ಬರೆದಿದ್ದೇನೆ.

ನೇತ್ರ


ಮೈಸೂರು
15 ಅಕ್ಟೋಬರ್ 2023

ಕುಮಾರಿ ನೇತ್ರ ಅವರಿಗೆ,

ಓಡಾಟವಿತ್ತು, ಉತ್ತರ ತಡವಾಯಿತು.

ನಾನು ಆ ಲೇಖನ ಬರೆದಾಗ ನಿಮ್ಮ ಬೆಟ್ಟಕ್ಕೆ ಮೈಸೂರಿನಿಂದ ಯಾರೂ ಬರುತ್ತಿರಲಿಲ್ಲ. ಕಾಡಿನ ದಾರಿಯಲ್ಲಿ ಬಸ್ಸು ಕೆಟ್ಟು, ಆನೆ ದಾಟಲೆಂದು ಕಾದು, ಜ್ವರ ಬಂದು ಮಲಗಿ, ಆಮೇಲೆ ಬರೆದದ್ದು ಅದು. ಈಗ ಲೈಬ್ರರಿಯ ಫ್ಯಾನಿನ ಕೆಳಗೆ ಕೂತು ಒಂದು ಅಕ್ಷರ ಹಿಡಿದು ಎಳೆಯುವುದು ಸುಲಭ. ಅಂಗಳದಲ್ಲಿ ಕಟ್ಟಿದ್ದ ಪ್ರಾಣಿಯನ್ನು ನಾನು ಕಣ್ಣಾರೆ ಕಂಡೆ. ಅಜ್ಜಿ ಅದರ ಕಡೆ ಕೈ ತೋರಿಸಿಯೇ ಮಾತಾಡಿದಳು ಎಂಬ ನೆನಪು. ನಿಮ್ಮ ಮನೆಯಲ್ಲಿ ಹಾಡು ಇರಬಹುದು, ಇನ್ನೊಂದು ಮನೆಯಲ್ಲಿ ಆಡು ಇದ್ದಿರಬಹುದು. ನಮ್ಮ ಮನೆಯಲ್ಲಿ ಹೀಗಿಲ್ಲ ಎನ್ನುವುದು ಸಂಶೋಧನೆಯಲ್ಲ.

ನೀವು ಕಳಿಸಿದ ಪ್ಯಾರಾ ಈ ರೂಪದಲ್ಲಿ ಹೋಗುವುದಿಲ್ಲ. 'ಲಿಪ್ಯಂತರದ ದೋಷ', 'ಪರಿಶೀಲಿಸದೆ ಪುನರಾವರ್ತನೆ' ಎಂಬೆಲ್ಲ ಮಾತು ವಿದ್ಯಾರ್ಥಿಯ ಬಾಯಿಗೆ ಸಲ್ಲದು. ವಿಮರ್ಶೆ ಮಾಡು ಎಂದೆ, ನಿಜ. ಹಿಂದೆ ಬಂದವರಿಗೆ ಗೌರವವಿಟ್ಟು ಮಾಡು ಎಂದು ಬೇರೆ ಹೇಳಬೇಕಾಗುತ್ತದೆಂದು ಗೊತ್ತಿರಲಿಲ್ಲ. ಆ ಲೇಖನ ಅಭಿನಂದನ ಗ್ರಂಥದಲ್ಲಿ ಮೊದಲನೆಯದಾಗಿ ಅಚ್ಚಾಗುತ್ತಿದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಮದುವೆಯ ವಿಷಯ ಮನೆಯವರು ಕೂತು ಬಗೆಹರಿಸಿಕೊಳ್ಳುವಂಥದ್ದು. ನೋಡೋಣ.

ಕೇಶವಪ್ರಸಾದ್


ಪಣಕಹಳ್ಳಿ
27 ಅಕ್ಟೋಬರ್ 2023

ಗುರುಗಳಿಗೆ ನಮಸ್ಕಾರ.

ನೀವು ನನ್ನನ್ನು ಬಹುವಚನದಲ್ಲಿ ಕರೆದದ್ದು ಓದಿ ಆ ದಿನ ಪಾಠ ಮಾಡಲಾಗಲಿಲ್ಲ. ಪ್ಯಾರಾದ ಮಾತು ಆಮೇಲೆ ಆಡೋಣ. ಬೇಕಾದರೆ ತೆಗೆಯುತ್ತೇನೆ. ನನಗೀಗ ಬೇಕಾಗಿರುವುದು ಶಿವಮಲ್ಲು ಅವರಿಗೆ ಬರೆಯುವ ಆ ಎರಡು ಸಾಲು. ಕಾರ್ತಿಕದ ಕೊನೆಗೆ ಮುಹೂರ್ತ ಗೊತ್ತಾಗಿದೆ.

ಹೋದ ಸಲ ಒಂದು ಮಾತು ಬಿಟ್ಟಿದ್ದೆ. ಮನೆಯ ಗುಟ್ಟನ್ನು ಪ್ರಬಂಧಕ್ಕೆ ಯಾಕೆ ಹಾಕಬೇಕು ಎಂಬ ಸಂಕೋಚ ಇತ್ತು. ಈಗ ಹೇಳುತ್ತೇನೆ. ಹಾಡು ಸುಮ್ಮನೆ ಕೊಡುವುದಲ್ಲ. ನಮ್ಮ ಕೆಂಚಮ್ಮಜ್ಜಿ ಬಾಗಿಲಲ್ಲಿ ನಿಂತು ಹೇಳುತ್ತಾರೆ. ಗಂಡಿನ ತಾಯಿ ಎದುರು ನಿಂತು ಅದನ್ನೇ ತಿರುಗಿ ಹೇಳಬೇಕು. ಆಗ ಅವರು ಇಸ್ಕೊಂಡಂತೆ. ಇಸ್ಕೊಂಡ ಮನೆಯಲ್ಲಿ ಸೊಸೆಗೆ ಎಂದಾದರೂ ತಾಳಲಾರದಷ್ಟು ಕಷ್ಟವಾದರೆ, ತವರಿಗೆ ಹೋಗಬೇಕೆನಿಸಿ ಬಾಯಿಬಿಟ್ಟು ಕೇಳಲಾಗದಿದ್ದರೆ, ಹೊಸಲಿನ ಮೇಲೆ ನಿಂತು ಆ ಹಾಡು ಹೇಳುತ್ತಾಳೆ. ಆಮೇಲೆ ಯಾಕೆ ಎಂದು ಯಾರೂ ಕೇಳುವಂತಿಲ್ಲ. ಬಾಗಿಲು ಬಿಟ್ಟು ಕಳಿಸಲೇಬೇಕು. ನಮ್ಮ ಅವ್ವ ರಾಚಮ್ಮ ಒಮ್ಮೆ ಹೇಳಿದ್ದರಂತೆ, ನಾನು ಹೊಟ್ಟೆಯಲ್ಲಿದ್ದಾಗ. ನಮ್ಮಪ್ಪನ ತಾಯಿ, ಇದೇ ಕೆಂಚಮ್ಮಜ್ಜಿಯೇ ಬುತ್ತಿ ಕಟ್ಟಿ ಕಳಿಸಿದರಂತೆ.

ಅದರ ಜಾಗಕ್ಕೆ ಆಡು ಬಂದರೆ ರೇವತಿಯ ಕೈಯಲ್ಲಿ ಏನೂ ಇರುವುದಿಲ್ಲ. ಅವಳು ನನ್ನ ಹಾಗೆ ಜಗಳಗಂಟಿಯಲ್ಲ, ಕೇಳಿ ಪಡೆಯುವ ಹುಡುಗಿಯಲ್ಲ. ಸಂಬಂಧ ಮುರಿಯಲು ಅಪ್ಪನಿಗೆ ಧೈರ್ಯವಿಲ್ಲ. ಮದುವೆಯಾಗದೆ ಓದುತ್ತಾ ಕೂತ ನನ್ನಿಂದ ಆಗಲೇ ಊರ ಬಾಯಿಗೆ ಬಿದ್ದಿದ್ದೇವೆ.

ನಿಮ್ಮ ಗ್ರಂಥಕ್ಕೆ ನಾಲ್ಕು ಪುಟ ಬರೆಯುತ್ತೇನೆ ಸರ್. ಚೆನ್ನಾಗಿ ಬರೆಯುತ್ತೇನೆ. ದಯವಿಟ್ಟು ಈ ಎರಡು ಸಾಲು ಬರೆದುಕೊಡಿ.

ನೇತ್ರ


ಮೈಸೂರು
8 ನವೆಂಬರ್ 2023

ಚಿ. ನೇತ್ರಳಿಗೆ ಆಶೀರ್ವಾದಗಳು.

ನಿನ್ನ ಪತ್ರ ಓದಿ ನನ್ನ ಹೆಂಡತಿ ನನ್ನ ಮುಖ ನೋಡಿದಳು. ನಾನೇನು ಕಲ್ಲಲ್ಲ. ಶಿವಮಲ್ಲು ಅವರಿಗೆ ಬರೆದ ಕಾಗದ ಇದರೊಂದಿಗಿದೆ, ಸಹಿಯೂ ಮೊಹರೂ ಇದೆ. ತಿಳಿದವರು ಓದಿದರೆ ಅರ್ಥವಾಗುವ ಹಾಗೆ ಬರೆದಿದ್ದೇನೆ:

"1991ರ ನನ್ನ ಲೇಖನದಲ್ಲಿ ದಾಖಲಾಗಿರುವ 'ಆಡು' ಎಂಬ ರೂಪಕ್ಕೆ, ಮೇಕೆ ಎಂಬ ಪ್ರಸಿದ್ಧ ಅರ್ಥದೊಂದಿಗೆ, ಗೀತೆ ಎಂಬ ಅರ್ಥವೂ ಇರುವ ಸಾಧ್ಯತೆಯನ್ನು ಸಂಪೂರ್ಣವಾಗಿ ತಳ್ಳಿಹಾಕಲಾಗದು."

ವಿದ್ವಾಂಸನೊಬ್ಬ ಇದಕ್ಕಿಂತ ಹೆಚ್ಚು ಬಾಗಲಾರ, ತಿಳಿದುಕೋ. ನೀನೂ ನಿನ್ನ ಪ್ಯಾರಾವನ್ನು ಇದೇ ಧಾಟಿಗೆ ತಂದುಬಿಡು. ನಾಲ್ಕು ಪುಟ ಡಿಸೆಂಬರ್ ಮೊದಲ ವಾರಕ್ಕೆ ಬೇಕು.

ಕೇಶವಪ್ರಸಾದ್


ಪಣಕಹಳ್ಳಿ
7 ಡಿಸೆಂಬರ್ 2023

ಕೇಶವಪ್ರಸಾದ್ ಸರ್ ಅವರಿಗೆ,

ಮೈಸೂರಿನಿಂದ ಬೆಳಿಗ್ಗೆ ಹೊರಟ ಬಸ್ಸು ಊಟದ ಹೊತ್ತಿಗೆ ಮುಂಚೆ ತಾಳವಾಡಿ ಮುಟ್ಟುತ್ತದೆ. ಟಪಾಲು ಮಾತ್ರ ತಮಿಳುನಾಡೆಲ್ಲ ಸುತ್ತಿ, ಘಾಟಿ ಹತ್ತಿ ಬರುತ್ತದೋ ಏನೋ. ನಿಮ್ಮ ಕಾಗದ ದೀಪಾವಳಿ ಕಳೆದ ಮೇಲೆ, ಪಕ್ಕದ ಗುಮಟಾಪುರದ ಸಗಣಿ ಹಬ್ಬದ ದಿನ ಸಿಕ್ಕಿತು. ಆದರೂ ಹೊತ್ತು ಮೀರಿರಲಿಲ್ಲ. ಹಬ್ಬ ನೋಡಲು ಶಿವಮಲ್ಲು ಅವರೂ ಬಂದಿದ್ದರು. ನಾನೇ ಹೋಗಿ ಕೈಯಲ್ಲಿಟ್ಟೆ. ನೀವು ಬರೆದದ್ದು ಸಾಲದು ಎಂದು ನನಗೆ ಗೊತ್ತಿತ್ತು. ಮೊಹರು ನೋಡಿಯಾದರೂ ಬಗ್ಗುತ್ತಾರೆಂದು ಆಸೆಪಟ್ಟೆ.

ಅವರು ಕನ್ನಡಕ ಹಾಕಿಕೊಂಡು, ಎಲ್ಲರೂ ಕೇಳುವ ಹಾಗೆ ಎರಡು ಸಲ ಓದಿದರು. ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡರು. "ನೋಡ್ದಾ ನಾಗಯ್ಯ, ದೊಡ್ಡೋರು ಎರಡೂ ಅಂತವ್ರೆ. ಮೇಕೆನೂ ಸೈ, ಪದನೂ ಸೈ. ಎರಡೂ ಕೊಟ್ಬುಡಿ."

ಅಪ್ಪ ಸಂತೆಗೆ ಹೋಗಿ ಒಂದು ಜೊತೆ ಆಡು ಹಿಡಿದು ತಂದರು.

ಮದುವೆಯ ದಿನ ಏನಾಯಿತೆಂದು ನಿಮಗೆ ಗೊತ್ತಿರಲಿ ಎಂದೇ ಬರೆಯುತ್ತಿದ್ದೇನೆ. ಹೆಣ್ಣು ಕಳಿಸುವ ಹೊತ್ತಿಗೆ ಕೆಂಚಮ್ಮಜ್ಜಿ ಬಾಗಿಲಲ್ಲಿ ನಿಂತು ಹಾಡು ತೆಗೆದರು. ಅತ್ತ ಬಾಡಿಗೆಗೆ ಬಂದಿದ್ದ ನಮ್ಮೂರಿನ ಮುರುಗನ್ ತನ್ನ ಮಿನಿಲಾರಿಗೆ ಆಡು ಹತ್ತಿಸುತ್ತಿದ್ದ. ಅವು ಅರಚಿಕೊಳ್ಳುತ್ತಿದ್ದವು. ಗಂಡಿನ ಕಡೆಯ ಹೆಂಗಸರೆಲ್ಲ ಯಾವುದು ಕೊಬ್ಬಿದೆ, ಯಾವುದು ಸೊರಗಿದೆ ಎಂದು ಅಲ್ಲೇ ನೋಡುತ್ತಾ ನಿಂತರು. ಅಜ್ಜಿ ಹೇಳಿ ಮುಗಿಸಿ, ತಿರುಗಿ ಹೇಳಲಿ ಎಂದು ಕಾದರು. ರೇವತಿಯ ಅತ್ತೆ, "ಚೆಂದಾಗಿತ್ತು ಬುಡಜ್ಜಿ, ಒತ್ತಾಯ್ತು" ಎಂದು ರೇವತಿಯ ಕೈ ಹಿಡಿದು ಕಾರು ಹತ್ತಿಸಿದರು. ಹೊತ್ತಾಯಿತಂತೆ. ಅಜ್ಜಿ ಇನ್ನೊಂದು ಸಲ ಹೇಳಲು ಬಾಯಿ ತೆರೆದರು, ಕಾರು ಹೊರಟಿತ್ತು. ಕೊಟ್ಟದ್ದು ನಾವು, ಇಸ್ಕೊಂಡವರು ಯಾರೂ ಇಲ್ಲ.

ನನಗೆ ನಿಮ್ಮ ಮೇಲೆ ತುಂಬ ಸಿಟ್ಟಿದೆ. ಶಿವಮಲ್ಲು ಅವರ ಮೇಲೂ ಇಷ್ಟಿಲ್ಲ. ಅವರು ಅಚ್ಚಾದದ್ದನ್ನು ನಂಬುವವರು. ಅಚ್ಚಾದದ್ದನ್ನು ನಂಬಬೇಡ ಎಂದು ನನಗೆ ಕಲಿಸಿದವರು ನೀವು.

ನಾಲ್ಕು ಪುಟ ಬರೆಯಲಾಗಲಿಲ್ಲ.

ನೇತ್ರ


ಮೈಸೂರು
12 ಜನವರಿ 2024

ಚಿ. ನೇತ್ರಳಿಗೆ ಆಶೀರ್ವಾದಗಳು.

ಗ್ರಂಥ ಬಿಡುಗಡೆಯ ಗಡಿಬಿಡಿಯಲ್ಲಿ ನಿನ್ನ ಪತ್ರಕ್ಕೆ ಉತ್ತರಿಸಲಾಗಲಿಲ್ಲ. ಮದುವೆ ಆಯಿತಲ್ಲ, ಅಷ್ಟಾಯಿತು. ಸಿಟ್ಟಿನಲ್ಲಿ ಬರೆದ ಮಾತನ್ನು ನಾನು ಮನಸ್ಸಿನಲ್ಲಿಟ್ಟುಕೊಳ್ಳುವುದಿಲ್ಲ. ಮಕ್ಕಳ ಸಿಟ್ಟು ಅದು.

ನಿನ್ನ ಪತ್ರ ಓದುತ್ತಾ ನನಗೊಂದು ಹೊಳೆಯಿತು. ನಮ್ಮಿಬ್ಬರ ತಕರಾರೂ ಇದರಿಂದ ತೀರುತ್ತದೆ. ನಿನ್ನ ತಂಗಿಯ ಮದುವೆಯಲ್ಲಿ ಆಡು ಕೊಟ್ಟದ್ದನ್ನು ನೀನೇ ಕಂಡಿದ್ದೀಯ, ಹಾಡು ಕೊಟ್ಟದ್ದನ್ನೂ ಕಂಡಿದ್ದೀಯ. ಅಂದರೆ ಎರಡೂ ಪದ್ಧತಿ ಜೀವಂತ. ಐವರಲ್ಲಿ ಯಾರೂ ಕಣ್ಣಾರೆ ನೋಡಿಲ್ಲ ಎಂದು ಬರೆದಿದ್ದೆಯಲ್ಲ, ಆ ತೆರವು ಈಗ ನಿನ್ನಿಂದಲೇ ತುಂಬಿತು. ಆ ಪ್ಯಾರಾ ತೆಗೆದು ಅಲ್ಲಿ ನಿನ್ನ ಕ್ಷೇತ್ರಟಿಪ್ಪಣಿ ಹಾಕು. ದಿನಾಂಕ, ಸ್ಥಳ, ಇದ್ದವರ ಹೆಸರು ಬರೆಯಲು ಮರೆಯಬೇಡ. ಅದು ಬಂದ ಕೂಡಲೇ ಅಧ್ಯಾಯಕ್ಕೆ ಸಹಿ ಹಾಕುತ್ತೇನೆ. ಮಾರ್ಚಿಗೆ ಒಪ್ಪಿಸಿಬಿಡಬಹುದು.

ಕೇಶವಪ್ರಸಾದ್


ಪಣಕಹಳ್ಳಿ
11 ಫೆಬ್ರವರಿ 2024

ಕೇಶವಪ್ರಸಾದ್ ಅವರಿಗೆ,

ಅಧ್ಯಾಯ ಕಳಿಸುತ್ತಿದ್ದೇನೆ. ಆ ಪ್ಯಾರಾ ಇದ್ದಲ್ಲೇ ಇದೆ. 'ಲಿಪ್ಯಂತರದ ದೋಷ' ಎಂಬ ಮಾತೂ ಇದೆ. ಕೆಳಗೆ ಒಂದು ವಾಕ್ಯ ಸೇರಿಸಿದ್ದೇನೆ: 2023ಕ್ಕೆ ಮುಂಚೆ ನಮ್ಮ ಮನೆಯಲ್ಲಿ ಆಡು ಕೊಟ್ಟದ್ದಿಲ್ಲ, ಕೊಟ್ಟದ್ದು ಈ ಲೇಖನದ ಆಧಾರದ ಮೇಲೆ. ನೀವು ಸಹಿ ಹಾಕುವುದಿಲ್ಲವೆಂದು ಗೊತ್ತು. ಮಾರ್ಚ್ ಕಳೆದರೆ ಐದು ವರ್ಷದ ಕೆಲಸ ನೀರಿಗೆ ಹೋಗುತ್ತದೆಂದೂ ಗೊತ್ತು. ಹೋಗಲಿ.

ಕ್ಷೇತ್ರಟಿಪ್ಪಣಿ ಕೇಳಿದ್ದಿರಿ. ಬರೆದುಕೊಳ್ಳಿ.

ಮೊದಲ ಸಂಕ್ರಾಂತಿಗೆ ರೇವತಿಯನ್ನು ಕಳಿಸಲಿಲ್ಲ. ಅವರೆ ಕೊಯ್ಲು ಇದೆ ಎಂದರು. ಫೋನ್ ಮಾಡಿದರೆ ಅತ್ತೆಯೇ ಎತ್ತುತ್ತಾರೆ. ರೇವತಿ ಮಾತಾಡಿದರೂ ಊಟ ಆಯ್ತು, ಚೆನ್ನಾಗಿದ್ದೀನಿ ಎಂಬೆರಡು ಮಾತು. ಅಪ್ಪ ಹೋಗಿ ಕರೆದಾಗ ಶಿವಮಲ್ಲು ಅವರು ನೀರು ಕೊಟ್ಟು, ಶಿವರಾತ್ರಿ ಕಳೀಲಿ ನೋಡೋಣ ಎಂದು ಕಳಿಸಿದರು. ಅವಳು ಇಳಿದು ಹೋಗಿದ್ದಾಳೆ ಎಂದು ಬಂದು ಅಪ್ಪ ಹೇಳಿದರು.

ನಿನ್ನೆ ಸಂಜೆ ಮಧುಕುಮಾರ್ ನನ್ನ ಫೋನಿಗೆ ಒಂದು ವಿಡಿಯೋ ಕಳಿಸಿದ. ಕೆಳಗೆ, "ನಿಮ್ ತಂಗಿ ಏನ್ ಚೆಂದಾಗಿ ಆಡ್ತಾಳೆ ನೋಡಕ್ಕ" ಎಂದು ಬರೆದಿದ್ದ. ಅವನು ಕೆಟ್ಟವನಲ್ಲ. ಅವನಿಗೆ ಗೊತ್ತಿಲ್ಲ.

ದಿನಾಂಕ: 10 ಫೆಬ್ರವರಿ. ಸ್ಥಳ: ಶಿವಮಲ್ಲು ಅವರ ಮನೆಯ ಮುಂಬಾಗಿಲು. ಇದ್ದವರು: ಮಾವ, ಅತ್ತೆ, ಗಂಡ, ಅಕ್ಕಪಕ್ಕದ ಹೆಂಗಸರು. ರೇವತಿ ಸೀರೆಯ ಸೆರಗು ಹಿಡಿದುಕೊಂಡು ಹೊಸಲಿನ ಮೇಲೆ ನಿಂತಿದ್ದಾಳೆ. ಕೆಂಚಮ್ಮಜ್ಜಿಯ ಹಾಡು ಹೇಳುತ್ತಾಳೆ.

ಒಸ್ಲೇ ಒಸ್ಲೇ ದಾರಿ ಬುಡು
ಅವ್ವನ ಮನೆ ಒಲೆ ಕರೀತದೆ

ಮೊದಲ ಸಲ ಹೇಳಿದಾಗ ಎಲ್ಲರೂ ತಿರುಗಿ ನೋಡುತ್ತಾರೆ. ಅವಳು ಅತ್ತೆಯ ಮುಖವನ್ನೇ ನೋಡುತ್ತಾ ಎರಡನೆಯ ಸಲ ಹೇಳುತ್ತಾಳೆ. ಯಾರೋ ಸಿಳ್ಳೆ ಹಾಕುತ್ತಾರೆ. ಅತ್ತೆ ನಗುತ್ತಾ, "ನಮ್ ಮನೇಗ್ ಒಂದ್ಕಂಡ್ಳು ಕಣ್ರವ್ವ, ಈಗ ಬಾಯಿ ಬುಟ್ಳು" ಎಂದು ಪಕ್ಕದವರಿಗೆ ಹೇಳುವುದು ಕೇಳಿಸುತ್ತದೆ. ಹೊಂದಿಕೊಂಡಳಂತೆ. ಮೂರನೆಯ ಸಲ ಅವಳ ದನಿ ಒಡೆಯುತ್ತದೆ. ನಾಚಿಕೆ ಎಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ.

ನಮ್ಮ ಮನೆಯಲ್ಲಿ ಇದನ್ನು ನೋಡುವಾಗ ಫೋನಿನ ದನಿ ಜೋರಾಗಿತ್ತು. ಒಳಗೆ ಒಲೆಯ ಮುಂದಿದ್ದ ಕೆಂಚಮ್ಮಜ್ಜಿ ಹಾಡು ಕೇಳಿ ಎದ್ದು ಬಂದರು. ನನ್ನನ್ನು ದಾಟಿಕೊಂಡು ಹೋಗಿ ಬಾಗಿಲು ತೆರೆದು, ಬೀದಿಯಲ್ಲಿ ಎರಡೂ ಕಡೆ ನೋಡಿದರು. "ರೇವತಿ ಬಂದ್ಳಲ್ಲವ್ವ, ಎಲ್ಲವಳೆ?" ಎಂದು ಕೇಳಿದರು.

ನಾನು ಬೆಳಗಿನ ಬಸ್ಸಿಗೆ ಅವಳನ್ನು ಕರೆತರಲು ಹೊರಟಿದ್ದೇನೆ. ಅಲ್ಲಿ ಶಿವಮಲ್ಲು ಅವರು ಜೇಬಿಗಿಟ್ಟುಕೊಂಡ ಆ ಕಾಗದ ತೋರಿಸಿದರೆ, ಸಹಿ ನಿಮ್ಮದೇ ಇರುತ್ತದೆ.

ನೇತ್ರ